ಓದುಗರ ಪ್ರಶ್ನೆ, ನಮ್ಮ ಉತ್ತರ: ಶಾನ್ ವೈಟ್‌ಗೆ ಅವರಮ್ಮ ಹಾಕಿದ ಕಂಡೀಷನ್

ಹೋದ ಸಂಚಿಕೆಯಲ್ಲಿ ಅಮೆರಿಕದ ಸ್ನೋಬೋರ್ಡರ್ ಶಾನ್ ವೈಟ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಹುಟ್ಟುವಾಗಲೇ ಹಾರ್ಟ್ ಪ್ರಾಬ್ಲಮ್ ಇದ್ದ ಹುಡುಗ ಮುಂದೆ ಮೂರು ಒಲಿಂಪಿಕ್ ಗೋಲ್ಡ್ ಗೆದ್ದ ಅಂತ. ಅಷ್ಟಕ್ಕೇ ಇಷ್ಟೊಂದು ಪ್ರಶ್ನೆ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ. ಅದಕ್ಕೇ ಈ ಸಲ ಪೂರ್ತಿ ಪುಟ ಅವನಿಗೇ ಕೊಟ್ಟಿದೀನಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ಯಾರೂ ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮಸ್ಕಾರ್ರೀ. ಹಿಮದ ಮ್ಯಾಲ ಹಲಗಿ ಕಟ್ಕೊಂಡು ಜಾರೂದು ಅಂದ್ರ ತಿಳೀತು, ಆದ್ರ ಇದರಾಗ ಗೆಲ್ಲೂದು ಹ್ಯಾಂಗ? ಓಟ ಇದ್ರ ಮೊದಲ ಮುಟ್ಟಿದವ್ರು ಗೆದ್ರು ಅನಬಹುದು. ಇದಕ್ಕ ಮಾರ್ಕ್ಸ್ ಯಾರು ಕೊಡ್ತಾರ, ಯಾತಕ್ಕ ಕೊಡ್ತಾರ? (ಓದುಗರು, ಗದಗ)

ಉತ್ತರ: ಸ್ನೋಬೋರ್ಡಿಂಗ್‌ನಲ್ಲಿ ಓಟದ ಥರದ ರೇಸೂ ಇದೆ, ಆದ್ರೆ ಶಾನ್ ವೈಟ್ ಹೆಸರು ಮಾಡಿದ್ದು ಹಾಫ್‌ಪೈಪ್‌ನಲ್ಲಿ. ಮಲೆನಾಡಲ್ಲಿ ಅಡಿಕೆ ಮರ ಸೀಳಿ ಅಬ್ಬಿ ನೀರು ತರೋಕೆ ದಂಬೆ ಹಾಕ್ತಾರಲ್ಲ, ಅದೇ ಆಕಾರ ಅಂದ್ಕೊಳ್ಳಿ, ಅದನ್ನ ಬೆಟ್ಟದ ಇಳಿಜಾರಲ್ಲಿ ಗಟ್ಟಿ ಹಿಮದಲ್ಲಿ ಕಟ್ಟಿರ್ತಾರೆ. ಎರಡೂ ಕಡೆ ಗೋಡೆ 22 ಅಡಿ ಎತ್ತರ, ಅಂದ್ರೆ ಎರಡು ಅಂತಸ್ತಿನ ಮನೆಯಷ್ಟು. ಈ ಗೋಡೆಯಿಂದ ಹಾರಿ ಅದೇ ಗೋಡೆಗೆ ಇಳಿದು, ತಳದಲ್ಲಿ ಜಾರಿ ಆ ಗೋಡೆ ಹತ್ತಿ ಹಾರಿ, ಹೀಗೆ ಐದೋ ಆರೋ ಸಲ ಹಾರೋಷ್ಟರಲ್ಲಿ ಪೈಪ್ ಮುಗಿಯುತ್ತೆ. ಎಷ್ಟು ಎತ್ತರ ಹಾರಿದ್ರು, ಗಾಳಿಯಲ್ಲಿ ಎಷ್ಟು ಸುತ್ತು ತಿರುಗಿದ್ರು, ಎಷ್ಟು ಕ್ಲೀನಾಗಿ ಇಳಿದ್ರು ಅಂತ ಆರು ಜನ ಜಡ್ಜ್‌ಗಳು ನೂರಕ್ಕೆ ಮಾರ್ಕ್ಸ್ ಕೊಡ್ತಾರೆ, ಅತಿ ಹೆಚ್ಚು ಅತಿ ಕಡಿಮೆ ಎರಡನ್ನೂ ತೆಗೆದು ಉಳಿದಿದ್ದರ ಸರಾಸರಿ. 2018ರಿಂದ ಒಲಿಂಪಿಕ್ಸ್ ಫೈನಲ್‌ನಲ್ಲಿ ಮೂರು ಚಾನ್ಸು, ಮೂರರಲ್ಲಿ ಯಾವುದು ಬೆಸ್ಟೋ ಅದೊಂದೇ ಲೆಕ್ಕ. ಎರಡು ಸಲ ಬಿದ್ದು ಮೂರನೇದರಲ್ಲೂ ಗೆಲ್ಲಬಹುದು. ಟಿವಿಯಲ್ಲಿ 1080, 1260, 1440 ಅಂತ ಹೇಳ್ತಿರ್ತಾರಲ್ಲ, ಅದು ಡಿಗ್ರಿ. 360ಕ್ಕೆ ಒಂದು ಪೂರ್ತಿ ಸುತ್ತು, ಹಾಗಾಗಿ 1440 ಅಂದ್ರೆ ನಾಲ್ಕು ಸುತ್ತು. ಈ ನಂಬರ್ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಪ್ರಶ್ನೆ: ನನ್ನ ಮಗನಿಗೆ ಎಂಟು ತಿಂಗಳಿದ್ದಾಗ ಹಾರ್ಟ್ ಆಪರೇಷನ್ ಆಯ್ತು. ಈಗ ಒಂಬತ್ತು ವರ್ಷ, ಓಡ್ತಾನೆ, ಕುಣಿತಾನೆ, ಸ್ಕೂಲಲ್ಲಿ ಮಾತ್ರ ಆಟದ ಪೀರಿಯಡ್‌ನಲ್ಲಿ ಕೂರಿಸಿಬಿಡ್ತಾರೆ. ಶಾನ್ ವೈಟ್‌ಗೆ ಏನಾಗಿತ್ತು? ಅವನನ್ನ ಹೆಂಗೆ ಆಡೋಕೆ ಬಿಟ್ರು? (ಒಬ್ಬ ತಾಯಿ, ಹಾಸನ)

ಉತ್ತರ: ಅಮ್ಮಾ, ಬಂದ ಪತ್ರಗಳಲ್ಲೆಲ್ಲ ನಿಮ್ಮದನ್ನೇ ನಾನು ಮತ್ತೆ ಮತ್ತೆ ಓದಿದ್ದು. ನಮ್ಮಕ್ಕನ ಮಗಳಿಗೂ ಹುಟ್ಟಿದಾಗ ಹೃದಯದಲ್ಲಿ ತೂತಿತ್ತು, ಆಪರೇಷನ್ ಥಿಯೇಟರ್ ಬಾಗಿಲ ಹೊರಗೆ ಕೂತ್ಕೊಳ್ಳೋದು ಅಂದ್ರೆ ಏನು ಅಂತ ನಮ್ಮ ಮನೆಯವರಿಗೂ ಗೊತ್ತು.

ಶಾನ್ ವೈಟ್ ಹುಟ್ಟಿದ್ದು 1986ರ ಸೆಪ್ಟೆಂಬರ್ 3ಕ್ಕೆ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ. ಅವನಿಗಿದ್ದದ್ದು ಟೆಟ್ರಾಲಜಿ ಆಫ್ ಫ್ಯಾಲೊ. ಹೆಸರೇ ಹೇಳೋ ಹಾಗೆ ಒಂದಲ್ಲ, ನಾಲ್ಕು ದೋಷ ಒಟ್ಟಿಗೆ: ಹೃದಯದ ಕೆಳಗಿನ ಎರಡು ಕೋಣೆಗಳ ಮಧ್ಯದ ಗೋಡೆಯಲ್ಲಿ ತೂತು, ಶ್ವಾಸಕೋಶಕ್ಕೆ ರಕ್ತ ಹೋಗೋ ದಾರಿ ಕಿರಿದು, ಮೈಗೆಲ್ಲ ರಕ್ತ ಕಳಿಸೋ ದೊಡ್ಡ ರಕ್ತನಾಳ ಇರಬೇಕಾದ ಜಾಗದಿಂದ ಸ್ವಲ್ಪ ಸರಿದು ಆ ತೂತಿನ ಮೇಲೇ ಕೂತಿರುತ್ತೆ, ಇದರಿಂದೆಲ್ಲ ಬಲಗಡೆ ಸ್ನಾಯು ದಪ್ಪ ಆಗಿರುತ್ತೆ. ಆಕ್ಸಿಜನ್ ಸಾಲದೆ ಮಗು ತುಟಿ, ಉಗುರೆಲ್ಲ ನೀಲಿ. ಒಂದು ವರ್ಷ ತುಂಬೋದ್ರೊಳಗೆ ಅವನಿಗೆ ಎರಡು ಓಪನ್ ಹಾರ್ಟ್ ಸರ್ಜರಿ ಆಗಿತ್ತು.

ಅವನನ್ನ ನೋಡಿ ನಿಮ್ಮ ಮಗನ್ನೂ ಬಿಟ್ಟುಬಿಡಿ ಅಂತ ನಾನು ಹೇಳಲ್ಲ, ಹೇಳೋ ಅಧಿಕಾರ ನನಗಿಲ್ಲ. ಒಂದೇ ಹೆಸರಿನ ಕಾಯಿಲೆ ಆದ್ರೂ ಆಪರೇಷನ್ ಆದ್ಮೇಲೆ ಒಂದೊಂದು ಮಗುವಿನ ಹೃದಯ ಒಂದೊಂದು ಥರ ಇರುತ್ತೆ, ವಾಲ್ವ್ ಲೀಕ್ ಆಗ್ತಿದ್ಯಾ, ಓಡಿದಾಗ ಬಡಿತ ಏರುಪೇರು ಆಗುತ್ತಾ ಅಂತೆಲ್ಲ ನೋಡ್ಬೇಕು. ಆದ್ರೆ ಟೆಸ್ಟೇ ಮಾಡಿಸದೆ ಭಯಕ್ಕೆ ಕೂರಿಸೋದು ಸರಿ ಅಂತ ನನಗನಿಸಲ್ಲ. ಮಕ್ಕಳ ಹೃದಯ ತಜ್ಞರ ಹತ್ರ ಹೋಗಿ, ಎಕೋ, ಬೇಕಿದ್ರೆ ಟ್ರೆಡ್‌ಮಿಲ್ ಟೆಸ್ಟ್ ಮಾಡಿಸಿ, ಇವನು ಏನು ಆಡಬಹುದು ಏನು ಆಡಬಾರದು ಅಂತ ಅವರ ಕೈಲೇ ಒಂದು ಚೀಟಿ ಬರೆಸ್ಕೊಂಡು ಪಿಟಿ ಮೇಷ್ಟ್ರಿಗೆ ಕೊಡಿ. ಚೀಟಿ ಇದ್ರೆ ಮೇಷ್ಟ್ರಿಗೂ ಧೈರ್ಯ. ಮತ್ತೆ ಈ ತಪಾಸಣೆ ಒಂದು ಸಲಕ್ಕೆ ಮುಗಿಯೋದಲ್ಲ, ಅವನು ದೊಡ್ಡವನಾದ್ಮೇಲೂ ಮಾಡಿಸ್ತಾನೇ ಇರ್ಬೇಕು, ಮರೀಬೇಡಿ.

ಇನ್ನು ಅವನನ್ನ ಹೆಂಗೆ ಬಿಟ್ರು ಅಂತ ಕೇಳಿದ್ರಿ. ಪೂರ್ತಿ ಬಿಡಲಿಲ್ಲ, ಒಂದು ಕಂಡೀಷನ್ ಹಾಕಿದ್ರು. ಅದು ಮುಂದಿನ ಉತ್ತರದಲ್ಲಿದೆ, ತಪ್ಪದೆ ಓದಿ.

ಪ್ರಶ್ನೆ: 2018ರ ಒಲಿಂಪಿಕ್ಸ್ ವಿಡಿಯೋ ನೋಡಿದೆ. ಕೆಲವೊಮ್ಮೆ ಅವನು ಹಿಂದುಮುಂದಾಗಿ ಜಾರ್ತಾನಲ್ಲ, ಅದು ಬೇಕಂತಾನೇ ಮಾಡೋದಾ? ಆ ಫೈನಲ್ ಬಗ್ಗೆ ಸ್ವಲ್ಪ ಡೀಟೇಲಾಗಿ ಬರೀರಿ ಸರ್. (ಇಂಜಿನಿಯರಿಂಗ್ ಸ್ಟೂಡೆಂಟ್, ಮೈಸೂರು)

ಉತ್ತರ: ಒಳ್ಳೆ ಕಣ್ಣು ನಿಮ್ಮದು. ಬೋರ್ಡ್ ಮೇಲೆ ಅಡ್ಡಡ್ಡ ನಿಲ್ಲಬೇಕು, ಒಬ್ಬರಿಗೆ ಎಡಗಾಲು ಮುಂದೆ, ಇನ್ನೊಬ್ಬರಿಗೆ ಬಲಗಾಲು. ಅಭ್ಯಾಸ ಇಲ್ಲದ ಕಾಲು ಮುಂದೆ ಮಾಡಿ ಜಾರೋದಕ್ಕೆ ಸ್ವಿಚ್ ಅಂತಾರೆ, ಬಲಗೈಲಿ ಬರೆಯೋರು ಎಡಗೈಲಿ ಬರೆಯೋಕೆ ಕೂತಂಗೆ.

ಶಾನ್ ಆರನೇ ವಯಸ್ಸಿಗೆ ಅಣ್ಣ ಜೆಸ್ಸಿಯನ್ನ ನೋಡ್ಕೊಂಡು ಬೋರ್ಡ್ ಹತ್ತಿದವನು. ಹತ್ತಿದ್ದೇ ತಡ, ಕಣ್ಣುಮುಚ್ಚಿ ಬಿಡೋದ್ರೊಳಗೆ ಬೆಟ್ಟದ ಕೆಳಗಿರ್ತಿದ್ದ. ಅವರಮ್ಮ ಕ್ಯಾಥಿಗೆ ಜೀವ ಬಾಯಿಗೆ ಬರೋದು, ಎರಡು ಸಲ ಎದೆ ಬಿಚ್ಚಿ ಹೊಲಿದ ಮಗು ಅಲ್ವಾ. ಸ್ಪೀಡ್ ಕಮ್ಮಿ ಆಗ್ಲಿ ಅಂತ, ಜಾರೋದಾದ್ರೆ ಉಲ್ಟಾನೇ, ಅಂದ್ರೆ ಸ್ವಿಚ್‌ನಲ್ಲೇ, ಜಾರ್ಬೇಕು ಅಂತ ರೂಲ್ ಮಾಡಿದ್ರು. ಹುಡುಗ ಎದುರು ಮಾತಾಡದೆ ಉಲ್ಟಾ ಜಾರೋದನ್ನೇ ಕಲಿತುಬಿಟ್ಟ, ಸ್ವಲ್ಪ ದಿನಕ್ಕೆ ಅದರಲ್ಲೂ ಅಷ್ಟೇ ಸ್ಪೀಡು.

ಈಗ ಡಿಗ್ರಿ ಲೆಕ್ಕಕ್ಕೆ ಬರೋಣ. ಗೋಡೆ ಹತ್ತಿ ಹಾರಿ ಅದೇ ಗೋಡೆಗೆ ವಾಪಸ್ ಇಳಿಬೇಕು ಅಂದ್ರೆ ಹೆಂಗೂ ಅರ್ಧ ಸುತ್ತು ತಿರುಗಲೇಬೇಕು. ಅದಕ್ಕೇ 540, 900, 1260, ಅಂದ್ರೆ ಒಂದೂವರೆ, ಎರಡೂವರೆ, ಮೂರೂವರೆ ಸುತ್ತಿನವು ಹೊರಟ ಕಾಲಲ್ಲೇ ಇಳಿಯೋವು. 1080, 1440 ಪೂರ್ತಿ ಸುತ್ತು, ಮಾಮೂಲಿ ಕಾಲಲ್ಲಿ ಹೊರಟ್ರೆ ಉಲ್ಟಾ ಕಾಲಲ್ಲಿ ಇಳೀತೀರಿ. ಅಂದ್ಮೇಲೆ 1440 ಆದ ತಕ್ಷಣ ಎದುರುಗಡೆ ಗೋಡೆಗೆ ಇನ್ನೊಂದು 1440 ಹಾಕ್ಬೇಕಂದ್ರೆ ಎರಡನೇದನ್ನ ಉಲ್ಟಾ ಕಾಲಲ್ಲೇ ಶುರು ಮಾಡ್ಬೇಕು, ಮಧ್ಯೆ ಕಾಲು ಸರಿ ಮಾಡ್ಕೊಳ್ಳೋಕೆ ಟೈಮೇ ಇಲ್ಲ.

2018ರ ಒಲಿಂಪಿಕ್ಸ್ ನಡೆದ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನ ಫೈನಲ್ ಅಂದ್ರೆ ಇದೇ ಲೆಕ್ಕ. ಮೊದಲನೇ ರನ್‌ನಲ್ಲಿ ಶಾನ್ 94.25 ತಗೊಂಡ. ಜಪಾನಿನ ಹತ್ತೊಂಬತ್ತು ವರ್ಷದ ಅಯುಮು ಹಿರಾನೊ ಎರಡನೇ ರನ್‌ನಲ್ಲಿ ಬೆನ್ನುಬೆನ್ನಿಗೆ ಎರಡು 1440 ಹಾಕಿ 95.25 ಮಾಡಿ ಮೇಲೆ ಹೋದ. ಶಾನ್ ಅದನ್ನೇ ಟ್ರೈ ಮಾಡಿ ಬಿದ್ದ. ಮೂರನೇ ರನ್, ಎಲ್ಲರಿಗಿಂತ ಕೊನೆಗೆ ಇವನು, ಬೆಟ್ಟದ ಮೇಲೆ ಒಬ್ಬನೇ ನಿಂತಿದಾನೆ, ಮುಂದೆ ಇರೋದು ಅವನು ಅಲ್ಲಿವರೆಗೆ ಯಾವ ಕಾಂಪಿಟೇಷನ್‌ನಲ್ಲೂ ಲ್ಯಾಂಡ್ ಮಾಡಿಲ್ಲದ ಜೋಡಿ. ಮೊದಲ 1440 ಇಳಿದ, ಉಲ್ಟಾ ಕಾಲಲ್ಲೇ ಗೋಡೆ ಹತ್ತಿದ, ಎರಡನೇ 1440ನೂ ಇಳಿದ, ಆಮೇಲೆ ಒಂದು 540, ಕೊನೆಗೆ ಎರಡು 1260. 97.75! ಅದು ಅವನ ಮೂರನೇ ಗೋಲ್ಡು, ವಿಂಟರ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ನೂರನೇ ಗೋಲ್ಡೂ ಅದೇ. ಎಷ್ಟು ಸಲ ನೋಡಿದ್ರೂ ಎರಡನೇ ಗೋಡೆಗೆ ಅವನು ಹತ್ತೋವಾಗ ನನಗೆ ಕ್ಯಾಥಿಯಮ್ಮನೇ ನೆನಪಾಗೋದು, ಮಗ ನಿಧಾನಕ್ಕೆ ಹೋಗ್ಲಿ ಅಂತ ಅವರು ಕಟ್ಟಿದ ಕಾಲು ಅದು.

ಪ್ರಶ್ನೆ: ಇದೆಲ್ಲ ದುಡ್ಡಿರೋರ ಆಟ ಅಲ್ವಾ? ಬಡವರ ಮಕ್ಕಳಿಗೆ ಸಾಧ್ಯಾನಾ? (ಓದುಗರು, ದಾವಣಗೆರೆ)

ಉತ್ತರ: ದುಡ್ಡು ಬೇಕಾದ ಆಟ ಹೌದು. ಶಾನ್ ಅಪ್ಪ ರೋಜರ್ ಊರಿನ ನೀರು ಸರಬರಾಜು ಇಲಾಖೆಯಲ್ಲಿ ಕೆಲಸಕ್ಕಿದ್ರು, ಅಮ್ಮ ಹೋಟೆಲಲ್ಲಿ ವೇಟ್ರೆಸ್. ಕಾಂಪಿಟೇಷನ್‌ಗೆ ಹೋದಾಗ ರೂಮ್ ಮಾಡೋ ದುಡ್ಡಿಲ್ಲದೆ ಮನೆಮಂದಿಯೆಲ್ಲ ಹಳೇ ವ್ಯಾನಲ್ಲೇ ಮಲಗ್ತಿದ್ರು. ಏಳನೇ ವಯಸ್ಸಿಗೇ ಸ್ನೋಬೋರ್ಡ್ ಮಾಡೋ ಬರ್ಟನ್ ಕಂಪನಿ ಸ್ಪಾನ್ಸರ್ ಮಾಡಿತು, ಹದಿಮೂರಕ್ಕೆ ಅವನು ಪ್ರೊಫೆಷನಲ್. ಆದ್ರೆ ಮೇಲೆ ಬಂದ್ಮೇಲೆ ಅವನಿಗೆ ಸಿಕ್ಕಿದ್ದು ಬೇರೆಯವರಿಗೆ ಸಿಗಲಿಲ್ಲ ಅನ್ನೋದನ್ನೂ ಹೇಳ್ಲೇಬೇಕು. 2009ರಲ್ಲಿ ರೆಡ್ ಬುಲ್‌ನವರು ಕೊಲರಾಡೋದ ಸಿಲ್ವರ್ಟನ್ ಹತ್ರ, ಬೆಟ್ಟದ ಹಿಂದೆ, ಇವನೊಬ್ಬನಿಗೋಸ್ಕರ ಒಂದು ಹಾಫ್‌ಪೈಪ್ ಕಟ್ಟಿಸಿಕೊಟ್ರು, ಬಿದ್ರೆ ಪೆಟ್ಟಾಗದೇ ಇರ್ಲಿ ಅಂತ ಸ್ಪಂಜ್ ತುಂಬಿದ ಗುಂಡಿ ಸಮೇತ. ಅಲ್ಲಿ ಕಲಿತ ಟ್ರಿಕ್‌ಗಳನ್ನ ಇಟ್ಕೊಂಡೇ 2010ರ ವ್ಯಾಂಕೂವರ್‌ಗೆ ಹೋಗಿದ್ದು.

ಪ್ರಶ್ನೆ: ಅವನಿಗೆ ಭಯಾನೇ ಆಗಲ್ವಾ? (ಹೈಸ್ಕೂಲ್ ಹುಡುಗಿ, ಸಿರಸಿ)

ಉತ್ತರ: ಆಗದೇ ಇರುತ್ತಾ ಪುಟ್ಟಿ. 2009ರ ಡಿಸೆಂಬರ್ 31ಕ್ಕೆ ಅವನ ದೊಡ್ಡ ಪ್ರತಿಸ್ಪರ್ಧಿ ಕೆವಿನ್ ಪಿಯರ್ಸ್ ಯೂಟಾದ ಪಾರ್ಕ್ ಸಿಟಿಯಲ್ಲಿ ಪ್ರಾಕ್ಟೀಸ್ ಮಾಡುವಾಗ ತಲೆಗೆ ಪೆಟ್ಟಾಗಿ, ಬದುಕುಳಿದಿದ್ದೇ ಹೆಚ್ಚು, ಮತ್ತೆ ಕಾಂಪಿಟೇಷನ್‌ಗೆ ಬರೋಕೆ ಆಗಲೇ ಇಲ್ಲ. ಅದಾಗಿ ಒಂದೇ ತಿಂಗಳಲ್ಲಿ ಶಾನ್ ಕೂಡ ಎಕ್ಸ್ ಗೇಮ್ಸ್ ಅನ್ನೋ ಸಾಹಸ ಆಟಗಳ ದೊಡ್ಡ ಕಾಂಪಿಟೇಷನ್‌ನ ಪ್ರಾಕ್ಟೀಸ್‌ನಲ್ಲಿ ಪೈಪಿನ ಅಂಚಿಗೆ ಮುಖ ಬಡಿಸ್ಕೊಂಡು, ಹೆಲ್ಮೆಟ್ ಹಾರಿಹೋಯ್ತು. 2017ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡಲ್ಲಿ ಇನ್ನೂ ಜೋರು, ಮುಖಕ್ಕೆ 62 ಹೊಲಿಗೆ. ಆಗ ಅವನು ಟ್ರೈ ಮಾಡ್ತಿದ್ದದ್ದು ಯಾವುದು ಗೊತ್ತಾ, ಉಲ್ಟಾ ಕಾಲಲ್ಲಿ ಶುರುವಾಗೋ ಆ 1440ನೇ. ನಾಲ್ಕು ತಿಂಗಳಾದ್ಮೇಲೆ ಅದನ್ನೇ ಒಲಿಂಪಿಕ್ ಫೈನಲ್‌ನಲ್ಲಿ ಇಳಿಸಿದ್ದು. ಈ ಆಟದವರು ಒಂದು ಟ್ರಿಕ್ ಕಲಿಯೋದೇ ಹಂತ ಹಂತವಾಗಿ, ಮೊದಲು ಸ್ಪಂಜ್ ಗುಂಡಿಗೆ ಇಲ್ಲಾ ಏರ್‌ಬ್ಯಾಗ್ ಮೇಲೆ ಹಾರಿ, ಆಮೇಲೆ ಹಿಮಕ್ಕೆ. ನೀನು ಹೊಳೆಯಲ್ಲಿ ಈಜು ಕಲಿಯುವಾಗ್ಲೂ ನೇರ ಗುಂಡಿಗೆ ಧುಮುಕಬೇಡ.

ಪ್ರಶ್ನೆ: ಆಟ ಸರಿ, ಮನುಷ್ಯ ಹೆಂಗೆ? ಅವನ ಮೇಲೆ ಏನೋ ಕೇಸ್ ಇತ್ತಂತೆ. (ಓದುಗರು, ಬೆಂಗಳೂರು)

ಉತ್ತರ: ಇತ್ತು. ಅವನದ್ದೊಂದು ರಾಕ್ ಬ್ಯಾಂಡ್ ಇತ್ತು, ಅದರಲ್ಲಿ ಡ್ರಮ್ಸ್ ನುಡಿಸ್ತಿದ್ದ ಹೆಣ್ಣುಮಗಳು 2016ರಲ್ಲಿ ಲೈಂಗಿಕ ಕಿರುಕುಳದ ಆರೋಪ ಮಾಡಿ ಕೋರ್ಟಿಗೆ ಹೋದ್ರು, 2017ರಲ್ಲಿ ರಾಜಿ ಆಯ್ತು. 2018ರಲ್ಲಿ ಗೋಲ್ಡ್ ಗೆದ್ದ ದಿನಾನೇ ಪತ್ರಕರ್ತರು ಕೇಳಿದಾಗ ಅದನ್ನ ಬರೀ ಗಾಸಿಪ್ ಅಂದುಬಿಟ್ಟ, ಆಮೇಲೆ ಆ ಮಾತಿಗೆ ಕ್ಷಮೆ ಕೇಳಿದ. ಮೆಡಲ್ ಎಷ್ಟೇ ಇರ್ಲಿ, ಆ ಮಾತು ತಪ್ಪು. ಅವನ ಆಟವನ್ನ ಇಷ್ಟು ಇಷ್ಟಪಡೋ ನಾನು ಇದನ್ನ ಮುಚ್ಚಿಟ್ರೆ ನಿಮಗೆ ಅರ್ಧ ಮಾತ್ರ ಹೇಳಿದಂಗೆ.

ಪ್ರಶ್ನೆ: ಈಗ ಎಲ್ಲಿದಾನೆ? ಇನ್ನೂ ಆಡ್ತಾನಾ? (ಓದುಗರು, ಮಂಗಳೂರು)

ಉತ್ತರ: ಆಡಲ್ಲ. 2006ರ ಟ್ಯುರಿನ್, 2010ರ ವ್ಯಾಂಕೂವರ್‌ನಲ್ಲಿ ಗೋಲ್ಡ್, 2014ರ ಸೋಚಿಯಲ್ಲಿ ನಾಲ್ಕನೇ ಜಾಗ, 2018ರಲ್ಲಿ ಮತ್ತೆ ಗೋಲ್ಡ್, 2022ರ ಬೀಜಿಂಗ್‌ನಲ್ಲಿ 35ನೇ ವಯಸ್ಸಲ್ಲಿ ಮತ್ತೆ ನಾಲ್ಕನೇದು, ಐದು ಒಲಿಂಪಿಕ್ಸ್ ಮುಗಿಸಿ ನಿಲ್ಲಿಸಿದ. ಬೇಸಿಗೆ ಎಕ್ಸ್ ಗೇಮ್ಸ್‌ನಲ್ಲಿ ಸ್ಕೇಟ್‌ಬೋರ್ಡಿಂಗ್ ಗೋಲ್ಡ್ ಕೂಡ ಎರಡಿದೆ, 2007, 2011. ಬೀಜಿಂಗ್‌ನ ಕೊನೇ ರನ್‌ನಲ್ಲಿ ಬಿದ್ದ, ಎದ್ದು ಹೆಲ್ಮೆಟ್ ತೆಗೆದು ಜನರಿಗೆ ಕೈಬೀಸಿದ, ಕೆಳಗೆ ಬಂದ್ಮೇಲೆ ಕಣ್ಣೀರು ತಡೆಯೋಕೆ ಆಗಲಿಲ್ಲ ಅವನಿಗೆ. ಆವತ್ತು ಗೆದ್ದಿದ್ದು ಅದೇ ಹಿರಾನೊ, ಸೋಚಿಯಲ್ಲಿ 15 ವರ್ಷದವನಿದ್ದಾಗಿಂದ ಎರಡು ಸಲ ಬೆಳ್ಳಿ ತಗೊಂಡು ಕಾದಿದ್ದವನು. ಆ ದಿನ ಗೋಲ್ಡ್ ಅವನಿಗೇ ಸಿಗಬೇಕಿತ್ತು, ಸಿಕ್ಕಿತು. ಶಾನ್ ಈಗ ಸ್ನೋ ಲೀಗ್ ಅಂತ ಶುರು ಮಾಡಿದಾನೆ, ಮೊದಲ ಪಂದ್ಯ 2025ರ ಮಾರ್ಚ್‌ನಲ್ಲಿ ಆಸ್ಪೆನ್‌ನಲ್ಲಿ ನಡೀತು, ಗಂಡಸರಿಗೆ ಹೆಂಗಸರಿಗೆ ಬಹುಮಾನದ ದುಡ್ಡು ಒಂದೇ.

ಪ್ರಶ್ನೆ: ನಮ್ಮ ಕರ್ನಾಟಕದವರು ಹಿಮದ ಆಟ ಆಡೋದುಂಟಾ? (ಓದುಗರು, ಪುತ್ತೂರು)

ಉತ್ತರ: ಉಂಟು! ಕೊಡಗಿನ ತೆಕ್ಕಡ ಭವಾನಿ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಮಾಡ್ತಾರೆ, ಸ್ನೋಬೋರ್ಡ್ ಅಲ್ಲ, ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನಲ್ಲಿ ನಮ್ಮ ರಾಜ್ಯಕ್ಕೆ ಗೋಲ್ಡ್ ತಂದವರು. ಕಲಿಯೋ ಆಸೆ ಇದ್ರೆ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಕೇಂದ್ರ ಸರ್ಕಾರದ್ದೇ ಸ್ಕೀಯಿಂಗ್ ಸಂಸ್ಥೆ ಇದೆ, ಚಳಿಗಾಲದಲ್ಲಿ ಕೋರ್ಸ್ ನಡೆಸ್ತಾರೆ, ಹೊಸಬರನ್ನೂ ತಗೋತಾರೆ. ಮಳೆಗಾಲ ಮುಗೀತಿದ್ದಂಗೆ ವಿಚಾರಿಸೋಕೆ ಶುರು ಮಾಡಿ.