ಅಮೆರಿಕದ ವಸಾಹತು ಕುಟುಂಬಗಳು ಲಂಡನ್ನಿನ ವ್ಯಾಪಾರಿಯ ಮೂಲಕ ಹಣಕಾಸು ಹೇಗೆ ನಡೆಸುತ್ತಿದ್ದವು?

18ನೇ ಶತಮಾನದ ವರ್ಜೀನಿಯಾದ ದೊಡ್ಡ ಜಮೀನ್ದಾರರಿಗೆ ಲಂಡನ್ನಿನ ವ್ಯಾಪಾರಿಯೇ ದಲ್ಲಾಳಿ, ಬ್ಯಾಂಕು, ಅವರ ಪರವಾಗಿ ಸಾಮಾನು ಕೊಳ್ಳುವವ ಎಲ್ಲವೂ. ಗುಲಾಮರು ಬೆಳೆದ ಹೊಗೆಸೊಪ್ಪನ್ನು ಸುಮಾರು 1,000 ಪೌಂಡ್ ತೂಕದ ಪೀಪಾಯಿಗಳಲ್ಲಿ ಅವನಿಗೆ ಕಳಿಸುತ್ತಿದ್ದರು. ಮಾರುವವರೆಗೂ ಮಾಲು ಬೆಳೆಗಾರನದ್ದೇ, ಬೆಲೆ ಬಿದ್ದರೆ ನಷ್ಟವೂ ಅವನದ್ದೇ. ಸುಂಕ, ಹಡಗು ಬಾಡಿಗೆ, ವಿಮೆ, ಕಮಿಷನ್ ಕಳೆದು ಉಳಿದದ್ದು ಖಾತೆಗೆ ಜಮೆ.

ಆ ಜಮೆಯ ಮೇಲೆ ಊರಲ್ಲೇ ಹುಂಡಿ (ಇಂಥವರಿಗೆ ಇಷ್ಟು ಹಣ ಕೊಡಿ ಎಂದು ವ್ಯಾಪಾರಿಗೆ ಬರೆಯುವ ಆದೇಶಪತ್ರ) ಬರೆದು ಸಾಲ ತೀರಿಸಬಹುದಿತ್ತು. ಹಡಗು ಮುಳುಗೀತೆಂದು ಒಂದೇ ಹುಂಡಿಯ ಮೂರು ನಾಲ್ಕು ಪ್ರತಿಗಳನ್ನು ಬೇರೆ ಬೇರೆ ಹಡಗುಗಳಲ್ಲಿ ಕಳಿಸುತ್ತಿದ್ದರು. ಒಂದಕ್ಕೆ ಹಣ ಸಂದರೆ ಉಳಿದವು ರದ್ದು. ಖಾತೆಯಲ್ಲಿ ಹಣವಿಲ್ಲದೆ ಹುಂಡಿ ವಾಪಸಾದರೆ ಬರೆದವನು ದಂಡ, ಬಡ್ಡಿ ಸೇರಿಸಿ ಕೊಡಬೇಕಿತ್ತು.

ಮನೆಯ ವ್ಯವಹಾರವೂ ಅದೇ ಅಂಗಡಿಯ ಮೂಲಕವೇ. ವಿಧವೆ ಮಾರ್ಥಾ ಕಸ್ಟಿಸ್‌ರನ್ನು ಮದುವೆಯಾದ ಜಾರ್ಜ್ ವಾಷಿಂಗ್ಟನ್, 1759ರ ಮೇ 1ರಂದು ಲಂಡನ್ನಿನ ವ್ಯಾಪಾರಿ ಸಂಸ್ಥೆ ರಾಬರ್ಟ್ ಕ್ಯಾರಿ ಕಂಪನಿಗೆ ಪಾದ್ರಿ ಕೊಟ್ಟ ವಿವಾಹ ಪ್ರಮಾಣಪತ್ರ ಲಗತ್ತಿಸಿ, ಕಸ್ಟಿಸ್ ಆಸ್ತಿಯ ಪತ್ರಗಳನ್ನು ಇನ್ನು ಮುಂದೆ ತನಗೇ ಬರೆಯಿರಿ ಎಂದು ತಿಳಿಸಿದರು. ಮಲಮಕ್ಕಳ ಬಟ್ಟೆ, ಆಟಿಕೆಗಳೂ ಅಲ್ಲಿಂದಲೇ ಬರುತ್ತಿದ್ದವು.

ಎಡವಟ್ಟಾಗುತ್ತಿದ್ದುದು ಇಲ್ಲೇ. ಸಾಮಾನು ಬರಲು ತಿಂಗಳುಗಟ್ಟಲೆ, ಅಳತೆ ತಪ್ಪಿದರೆ ಹಿಂದಿರುಗಿಸುವುದು ದುಸ್ತರ. ಹೊಗೆಸೊಪ್ಪಿನ ಬೆಲೆ ತಿಳಿಯುವ ಮೊದಲೇ ಖರೀದಿಯ ಪಟ್ಟಿ ಹೊರಟಿರುತ್ತಿತ್ತು. 1764ರ ಹೊತ್ತಿಗೆ ವಾಷಿಂಗ್ಟನ್‌ರ ಬಾಕಿ ಸುಮಾರು 1,800 ಪೌಂಡ್ ಸ್ಟರ್ಲಿಂಗ್. ಅವರು ಗೋಧಿಯತ್ತ ತಿರುಗಲು ಈ ಸಾಲವೂ ಮುಖ್ಯ ಕಾರಣ.