ಸಹಿಯೂ ಬೇಡ, ರಾಜೀನಾಮೆಯೂ ಬೇಡ

ಅರ್ಧ ಆದ ಕೆಲಸಕ್ಕೆ ಪೂರ್ತಿ ಬಿಲ್ ಪಾಸು ಮಾಡಿ ಅಂತ ಚುನಾವಣೆಯಲ್ಲಿ ಗೆದ್ದು ಬಂದ ನಿಮ್ಮ ಮೇಲೆ ನಿಮ್ಮ ಪಕ್ಷದವರೇ ಒತ್ತಡ ಹಾಕುತ್ತಿದ್ದಾರೆ, ಸಹಿ ಹಾಕಲಾ, ರಾಜೀನಾಮೆ ಕೊಡಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ನೀವು ಎದ್ದು ಹೋದರೆ ಆ ಜಾಗಕ್ಕೆ ಕಣ್ಣು ಮುಚ್ಚಿ ಸಹಿ ಹಾಕುವವರೇ ಬರುತ್ತಾರೆ, ಅಲ್ವಾ? ಹಾಗಂತ, ಒಳಗಿದ್ದರೆ ನಾಳೆ ಒಳ್ಳೆಯದು ಮಾಡಬಹುದು, ಇವತ್ತು ಇದೊಂದಕ್ಕೆ ಹೂಂ ಅನ್ನೋಣ ಅನ್ನುವ ಲೆಕ್ಕಾಚಾರ ಇನ್ನೂ ಅಪಾಯ. ಮೊದಲ ಸಹಿಗೇ ನಿಮ್ಮ ಜುಟ್ಟು ಅವರ ಕೈಗೆ ಹೋಗುತ್ತದೆ. ಎರಡನೆಯದಕ್ಕೆ ಯಾರೂ ಕೇಳುವುದಿಲ್ಲ, ಸುಮ್ನೆ ಫೈಲು ಮುಂದಿಡುತ್ತಾರೆ.

ಸಭೆಯಲ್ಲಿ ಬಾಯಿಮಾತಿನ ವಿರೋಧ ಸಾಲದು. ಯಾವ ಕೆಲಸ, ಎಷ್ಟು ಆಗಿದೆ, ಆದ ಕೆಲಸವನ್ನು ಅಳೆದು ಬರೆದಿಡುವ ಅಳತೆ ಪುಸ್ತಕದಲ್ಲಿ ಏನು ಬರೆದಿದೆ ಅನ್ನುವುದನ್ನೆಲ್ಲ ನಡಾವಳಿಯಲ್ಲೇ ದಾಖಲು ಮಾಡಿಸಿ, ಪ್ರತಿ ಇಟ್ಟುಕೊಳ್ಳಿ. ಹೊರಗೆ ದೂರು ಕೊಡುವ ಮುಂಚೆ ವಕೀಲರನ್ನು ಕೇಳಿ. ವಿಶ್ವಸಂಸ್ಥೆಯ 2003ರ ಭ್ರಷ್ಟಾಚಾರ ವಿರೋಧಿ ಒಪ್ಪಂದದ 33ನೇ ವಿಧಿ ಕೂಡ ದೂರುದಾರರ ರಕ್ಷಣೆಯನ್ನು ಪರಿಗಣಿಸಿ ಅಂತ ದೇಶಗಳಿಗೆ ಹೇಳುತ್ತದೆ ಅಷ್ಟೇ, ಆದ್ದರಿಂದ ಒಂದೊಂದು ಕಡೆ ಒಂದೊಂದು ಕಾನೂನು.

ಮುಂದಿನ ಸಲ ಟಿಕೆಟ್ ಸಿಗದೇ ಹೋಗಬಹುದು, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು ಮಾತು: ನಿಮ್ಮಿಂದ ಕೂಲಿಯವರ ದುಡ್ಡು ನಿಂತಿತು ಅನ್ನುತ್ತಾರೆ. ಅದು ನಿಜವೂ ಇರಬಹುದು. ಹಾಗಾಗಿ ಆಗಿರುವಷ್ಟು ಕೆಲಸಕ್ಕೆ ಈಗಲೇ ಹಣ ಕೊಡಿ ಅಂತ ನೀವೇ ಮೊದಲು ಲಿಖಿತವಾಗಿ ಸೂಚಿಸಿ.