ಹಾಜರಿ ಕೂಗುವ ಹೊತ್ತು

ಮಂಡ್ಯ ಕಡೆಯ ಹುಡುಗ, ಪ್ರಥಮ ಪಿಯುಸಿ. ಕುಮಾರ ಅಂದುಕೊಳ್ಳಿ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಕಾಲೇಜಿಗೆಂದು ಹೊರಟವನು ಬಸ್ ಸ್ಟ್ಯಾಂಡಿನಲ್ಲೇ ಕೂತು ಸಂಜೆ ಮನೆಗೆ ಮರಳುತ್ತಿದ್ದ. “ಬೆಳಗಾದ್ರೆ ಹೊಟ್ಟೆನೋವು ಅಂತಾನೆ ಮೇಡಂ, ಡಾಕ್ಟ್ರು ಏನೂ ಇಲ್ಲ ಅಂದ್ರು” ಎಂದರು, ಸಲಹೆಗೆಂದು ಅವನನ್ನು ನನ್ನ ಬಳಿ ಕರೆತಂದ ತಾಯಿ.

ಅವನಿಗೆ ಉಗ್ಗು. ಹಾಜರಿ ಕೂಗಿದಾಗ ‘ಯೆಸ್ ಸಾರ್’ ಹೊರಡುವುದರೊಳಗೆ ಹಿಂದಿನ ಬೆಂಚಿನಿಂದ ಟ್ರ್ಯಾಕ್ಟರಿಗೆ ಸೆಲ್ಫ್ ಹೊಡೆಯುವ ಸದ್ದು: ಕ್ಕಿರ್... ಕ್ಕಿರ್... ಒಮ್ಮೆ ಮೇಷ್ಟ್ರೂ ನಕ್ಕಿದ್ದರಂತೆ. ಇದನ್ನು ಅವನು ಬಾಯಲ್ಲಿ ಹೇಳಲಿಲ್ಲ, ಚೀಟಿಯಲ್ಲಿ ಬರೆದು ಮೇಜಿನ ಮೇಲೆ ನನ್ನತ್ತ ತಳ್ಳಿದ.

ಮೊದಲ ದಿನ ನಾನು ಕೊಟ್ಟ ಸಲಹೆ ತಪ್ಪಿತ್ತು. “ಕಿವಿಗೆ ಹಾಕ್ಕೋಬೇಡ, ತಾವೇ ಸುಮ್ಮನಾಗ್ತಾರೆ” ಅಂದುಬಿಟ್ಟೆ. ಅವರು ಸುಮ್ಮನಾಗಲಿಲ್ಲ, ಆ ಸದ್ದು ತರಗತಿಯ ವಾಟ್ಸಾಪಿಗೂ ಹೋಯಿತು.

ಆಮೇಲೆ ಹೇಳಿದ್ದು ಇಷ್ಟು. ನಡೆದದ್ದನ್ನು ತಾರೀಖು ಹಾಕಿ ಬರೆದಿಡು, ವಾಟ್ಸಾಪ್ ಅಳಿಸಬೇಡ. ಅಪ್ಪ ಪ್ರಾಂಶುಪಾಲರಿಗೆ ಬರವಣಿಗೆಯಲ್ಲೇ ದೂರು ಕೊಡಲಿ. ಹದಿನೆಂಟು ತುಂಬದವರಿಗೆ ಮಕ್ಕಳ ಸಹಾಯವಾಣಿ 1098 ಇದೆ. ಮನಸ್ಸು ತೀರಾ ಕುಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಉಗ್ಗಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಇದೆ. ಪಕ್ಕದೂರಲ್ಲೇ ಇದ್ದರೂ ಇವರು ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತ ಕಾದಿದ್ದರು!

ಧೈರ್ಯ ಮಾತ್ರ ಅವನ ಸೋದರಮಾವನ ಕಡೆಯಿಂದ ಬಂತು. ಹಬ್ಬಕ್ಕೆ ‘ಕುರುಕ್ಷೇತ್ರ’ ಆಡಲು ಮಾರಮ್ಮನ ಗುಡಿ ಜಗಲಿಯಲ್ಲಿ ರಾತ್ರಿ ಪ್ರಾಕ್ಟೀಸು ನಡೆದಿತ್ತು. ಹಾಡುವಾಗ ಉಗ್ಗು ಸಾಮಾನ್ಯವಾಗಿ ಕಾಡುವುದಿಲ್ಲ. ಕುಮಾರ ಕಂದಪದ್ಯವನ್ನು ಸಲೀಸಾಗಿ ಎತ್ತುತ್ತಿದ್ದ. ಮಾವನನ್ನು ಕರೆಸಿ ಎರಡೇ ಮಾತು ಹೇಳಿದೆ: ಅವನ ಮಾತನ್ನು ನೀವು ಪೂರ್ತಿ ಮಾಡಬೇಡಿ, ‘ನಿಧಾನ, ನಿಧಾನ’ ಅನ್ನಲೂಬೇಡಿ. “ಕಾಯೋದು ತಾನೆ, ಕಾಯ್ತೀವಿ ಬುಡಿ” ಅಂದರು.

ದೂತನ ಪಾತ್ರ ಸಿಕ್ಕಿತು. ರಂಗದ ಮೇಲೆ ‘ಪ್ರಭು’ ಅನ್ನುವಲ್ಲೇ ನಾಲಿಗೆ ಕಚ್ಚಿಕೊಂಡಿತು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಬಿಡದೆ ಹಿಡಿದೇ ಇದ್ದರು, ದುರ್ಯೋಧನ ಮೀಸೆ ತಿರುವುತ್ತ ನಿಂತ. ಮಾತು ಬಂತು.

ಉಗ್ಗು ಹೋಗಿಲ್ಲ. ಹದಿನೈದು ದಿನಕ್ಕೊಮ್ಮೆ ಮೈಸೂರಿನ ರೈಲು ಹತ್ತುತ್ತಾನೆ. ಹಾಜರಿಗೆ ಕೈ ಎತ್ತಿದರೆ ಸಾಕು ಎಂದು ಕಾಲೇಜಿನವರು ಒಪ್ಪಿದ್ದರು; ಅದು ಬೇಡ ಅಂದವನು ಅವನೇ. ಈಗ ಅವನ ಪಕ್ಕ ದೂತನ ಜೊತೆಗಾರನಾಗಿದ್ದ ಹುಡುಗ ಕೂರುತ್ತಾನೆ. ಮೊನ್ನೆ ಹಿಂದಿನಿಂದ ಕ್ಕಿರ್ ಅಂದಾಗ ಆ ಹುಡುಗ ತಿರುಗಿ, “ಡೀಸೆಲ್ ಇಲ್ವೇನ್ಲಾ ನಿಂಗೆ?” ಅಂದನಂತೆ.